ಹಿಂದಿನ ಸಾಲು ಕಾಣದ ವಿಡಿಯೋ

ನಾನು ಶಿಕಾರಿಪುರದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಪಿಟಿ ಟೀಚರ್. ಮನೆ ಸೊರಬದಲ್ಲಿ. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಗಂಡನ ಫೋಟೊ ಸ್ಟುಡಿಯೋ ಇದೆ. ನಮ್ಮ ಕಡೆಯ ಮದುವೆ, ಗೃಹಪ್ರವೇಶ, ಸೀಮಂತಗಳಲ್ಲಿ ಅರ್ಧಕ್ಕರ್ಧ ಅವರ ಕ್ಯಾಮೆರಾದಲ್ಲೇ ಇರುತ್ತವೆ. ಹೆಣ್ಣನ್ನು ಒಪ್ಪಿಸಿಕೊಡುವಾಗ ತಾಯಿಯ ಕಣ್ಣು ತುಂಬುತ್ತಲ್ಲ, ಆ ಗಳಿಗೆಯನ್ನು ಅವರಷ್ಟು ಚೆನ್ನಾಗಿ ಹಿಡಿಯುವವರು ಇನ್ನೊಬ್ಬರಿಲ್ಲ ಅಂತ ಜಡೆಯಿಂದ ಶಿರಾಳಕೊಪ್ಪದವರೆಗೆ ಜನ ಹೇಳುತ್ತಾರೆ. ಆ ಮಾತು ಕೇಳಿ ಕೇಳಿ ನನಗೂ ಸ್ವಲ್ಪ ತಲೆ ತಿರುಗಿತ್ತು.

ಶಾಲೆಯಲ್ಲಿ ನಮ್ಮದೊಂದು ಬಾವುಟದ ತಂಡ. ಉದ್ದ ಕೋಲಿಗೆ ಬಣ್ಣದ ಬಾವುಟ ಕಟ್ಟಿಕೊಂಡು, ಹಾಡಿನ ತಾಳಕ್ಕೆ ತಿರುಗಿಸಿ, ಮೇಲಕ್ಕೆ ಎಸೆದು ಹಿಡಿಯುವ ಡ್ರಿಲ್. ದೊಡ್ಡ ಊರುಗಳಲ್ಲಿ ಇದಕ್ಕೆ ಕಲರ್‌ಗಾರ್ಡ್ ಅನ್ನುತ್ತಾರಂತೆ. ಕೊರೊನಾ ಬಂದು ಶಾಲೆ ಅರ್ಧ ತೆರೆದು ಅರ್ಧ ಮುಚ್ಚಿದ್ದ ಕಾಲದಲ್ಲಿ, ಬೇರೆ ಜಿಲ್ಲೆಯ ಸಂಸ್ಥೆಯೊಂದು ಈ ಡ್ರಿಲ್‌ಗೆ ಆನ್‌ಲೈನ್ ಸ್ಪರ್ಧೆ ಇಟ್ಟಿತು. ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ, ವಿಡಿಯೋ ಮಾಡಿ ಕಳಿಸಿದರೆ ಸಾಕು. ನಿಯಮ ಮೂರೇ. ಕ್ಯಾಮೆರಾ ಅಲುಗಾಡಬಾರದು. ಮೊದಲಿಂದ ಕೊನೆಯವರೆಗೆ ಎಲ್ಲ ಹುಡುಗಿಯರೂ ಅಡಿಯಿಂದ ಮುಡಿಯವರೆಗೆ ಕಾಣಬೇಕು. ಕತ್ತರಿಸಿ ಜೋಡಿಸುವ ಹಾಗಿಲ್ಲ.

ಸ್ಟಾಫ್‌ರೂಮಿನಲ್ಲಿ ಗಣಿತದ ಮೇಡಂ, "ಒಂದು ಗಟ್ಟಿ ಸ್ಟ್ಯಾಂಡ್ ತಂದ್ರೆ ಸಾಕು ಬಿಡ್ರೀ, ನನ್ ಫೋನಲ್ಲೇ ತೆಗೀಬಹುದು" ಅಂದರು. ನನಗೆ ನಗು ಬಂತು. "ಫೋನ್ ಯಾಕ್ರೀ? ನಮ್ಮನೆಯವ್ರು ಇರೋದೇ ಇದಕ್ಕೆ. ವಿಡಿಯೋ ಚಿಂತೆ ನನಗೆ ಬಿಡಿ" ಅಂದೆ. ಹೆಡ್‌ಮೇಡಂ ಕೂಡ ಇದ್ದರು. ಆ ನಗು ಅವರಿಗೂ ಕೇಳಿಸಿತ್ತು.

ಶೂಟಿಂಗ್ ದಿನ ಇವರು ದೊಡ್ಡ ಕ್ಯಾಮೆರಾ, ಲೈಟು ಎಲ್ಲ ಹೊತ್ತು ಬಂದರು. ನಿಯಮಗಳನ್ನು ಹಿಂದಿನ ದಿನವೇ ಓದಿ ಹೇಳಿದ್ದೆ. "ಗೊತ್ತಾಯ್ತು ಮಾರಾಯ್ತಿ, ನಂಗೆ ಕ್ಯಾಮೆರಾ ಹೇಳಿಕೊಡ್ತೀಯಾ?" ಅಂದಿದ್ದರು. ನಾನು ಮೈದಾನದ ಬದಿಗೆ ನಿಂತು ತಾಳ ಎಣಿಸುತ್ತಿದ್ದೆ. ಕಣ್ಣೆಲ್ಲ ಬಾವುಟಗಳ ಮೇಲೆ. ಅವರೇನು ಮಾಡುತ್ತಿದ್ದಾರೆ ಅಂತ ನೋಡಲಿಲ್ಲ. ಶಾಲೆಯ ನೆಟ್ ತೀರ ನಿಧಾನ, ಅದಕ್ಕೆ ವಿಡಿಯೋವನ್ನು ಅವರೇ ಸ್ಟುಡಿಯೋದಿಂದ ಕಳಿಸಿದರು. "ತೋರಿಸ್ರೀ" ಅಂದರೆ, "ಫಲಿತಾಂಶದ ದಿನ ಎಲ್ಲರ ಜೊತೆ ನೋಡು, ಖುಷಿಯಾಗ್ತೀಯ" ಅಂದರು.

ಆ ದಿನ ಹಾಲ್‌ನಲ್ಲಿ ದೊಡ್ಡ ಟಿವಿ ಇಟ್ಟು, ಎಲ್ಲ ಶಾಲೆಗಳೂ ಸೇರಿದ್ದ ಆನ್‌ಲೈನ್ ಸಭೆ ಹಾಕಿಕೊಂಡು ಎಲ್ಲರೂ ಕೂತೆವು. ತಾಯಂದಿರೂ ಬಂದಿದ್ದರು. ಬೇರೆ ಬೇರೆ ಶಾಲೆಗಳ ವಿಡಿಯೋ ಒಂದಾದ ಮೇಲೊಂದು ಬಂತು. ಕೆಲವು ಮಸುಕು, ಕೆಲವಕ್ಕೆ ಗಾಳಿಯ ಸದ್ದು. ಆದರೆ ಎಲ್ಲದರಲ್ಲೂ ಎಲ್ಲರೂ ಕಾಣುತ್ತಿದ್ದರು.

ನಮ್ಮದು ಬಂತು. ಮೊದಲಿಗೆ ಚಿನ್ನದ ಬಣ್ಣದ ಅಕ್ಷರದಲ್ಲಿ ಶಾಲೆಯ ಹೆಸರು, ಅದರ ಮೇಲೆ ಗುಲಾಬಿ ದಳಗಳು ಉದುರಿದವು. ಆಮೇಲೆ ಮುಂದಿನ ಸಾಲಿನ ಒಬ್ಬಳ ಕಣ್ಣು. ಮತ್ತೊಬ್ಬಳ ಕೈಬಳೆ. ಬಾವುಟ ಮೇಲಕ್ಕೆ ಹಾರಿದ್ದು ನಿಧಾನವಾಗಿ, ಮೋಡದಂತೆ ಕೆಳಗಿಳಿಯಿತು. ಅದನ್ನು ಹಿಡಿದವಳ ನಗು ಟಿವಿ ತುಂಬ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಆದರೆ ಡ್ರಿಲ್ ಎಲ್ಲೂ ಕಾಣಲಿಲ್ಲ. ಆ ಕಡೆ ಮೈಕ್ ಆರಿಸಲು ಮರೆತ ಯಾರೋ ಕಿಸಕ್ಕನೆ ನಕ್ಕರು. ಅದು ನಮ್ಮ ಹಾಲ್ ತುಂಬ ಕೇಳಿತು.

ತೀರ್ಪುಗಾರರು ಸಭ್ಯರು. "ಬಹಳ ಸುಂದರವಾದ ಚಿತ್ರೀಕರಣ. ಆದರೆ ತಂಡವನ್ನು ನೋಡಲಾಗಲಿಲ್ಲ, ಕತ್ತರಿಸಿ ಜೋಡಿಸಿದ್ದರಿಂದ ಸ್ಪರ್ಧೆಗೆ ಪರಿಗಣಿಸಲಾಗದು" ಅಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಉಡುತಡಿಯಿಂದ ಒಬ್ಬ ತಾಯಿ ಬಂದಿದ್ದಳು. ಮಗಳು ಹಿಂದಿನ ಸಾಲಿನ ತುದಿಯವಳು, ತಂಡಕ್ಕೆಲ್ಲ ಉದ್ದ ಹುಡುಗಿ. ಅವಳ ತಾಳ ಒಂದು ದಿನವೂ ತಪ್ಪಿದ್ದಿಲ್ಲ. ವಿಡಿಯೋ ಮುಗಿದರೂ ತಾಯಿ ಟಿವಿಯನ್ನೇ ನೋಡುತ್ತಿದ್ದಳು. "ನೀ ಎಲ್ಲಿ ಅದೀಯೇ? ತೋರ್ಸು" ಅಂತ ಮಗಳನ್ನು ಕೇಳಿದಳು. ಮಗಳು ನನ್ನ ಕಡೆ ತಿರುಗಿ, "ಮೇಡಂ, ನಾನು ಇದ್ರಾಗೆ ಇಲ್ವಾ?" ಅಂದಳು. ದೂರಲಿಲ್ಲ, ಸುಮ್ಮನೆ ಕೇಳಿದಳು. ನಾನು ಟಿವಿಯ ವೈರ್ ಸರಿಮಾಡುವವಳಂತೆ ಬಗ್ಗಿ ಕೂತೆ. ಎದ್ದು ಮುಖ ತೋರಿಸಲು ಧೈರ್ಯವಾಗಲಿಲ್ಲ. ಗಣಿತದ ಮೇಡಂ ಆ ತಾಯಿಗೆ ಚಹಾ ಕೊಟ್ಟು ಏನೋ ಹೇಳಿ ಕಳಿಸಿದರು. ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಆ ಒಳ್ಳೆಯತನವನ್ನೇ ತಾಳಲಾಗಲಿಲ್ಲ.

ಸಂಜೆ ಬಸ್ಸಿಳಿದೆ. ಇವರು ಸ್ಟುಡಿಯೋ ಬಾಗಿಲಲ್ಲೇ ಕಾದಿದ್ದರು. "ಎಂತ ಅಂದ್ರು?"

"ಬಹಳ ಸುಂದರವಾಗಿದೆ ಅಂದ್ರು" ಅಂದೆ. ಆ ಮಾತು ಸುಳ್ಳಲ್ಲ. ಉಳಿದದ್ದನ್ನು ಹೇಳಲಿಲ್ಲ, ಅಷ್ಟೆ. ಹುಡುಗಿಯರ ಆ ನಗುಗಳನ್ನು ಜೋಡಿಸಲು ಅವರು ಎಷ್ಟು ಹೊತ್ತು ಕೂತಿದ್ದರೋ. ಆ ಮುಖ ನೋಡಿಕೊಂಡು ಹೇಳಲು ಬಾಯಿ ಬರಲಿಲ್ಲ.

ಅದರ ಫಲ ಮರುದಿನವೇ ಸಿಕ್ಕಿತು. ಇವರು ಆ ವಿಡಿಯೋವನ್ನು ಸ್ಟುಡಿಯೋದ ಟಿವಿಯಲ್ಲಿ ಹಾಕಿ, ಟಿವಿಯನ್ನು ರಸ್ತೆಯ ಕಡೆ ತಿರುಗಿಸಿಟ್ಟರು. ಬಸ್ಸಿಗೆ ಕಾಯುವವರೆಲ್ಲ ನಿಂತು ನೋಡುವವರೇ. ದಿನಾ ಸಂಜೆ ಬಸ್ಸಿಳಿದರೆ ಎದುರಿಗೇ ಗುಲಾಬಿ ದಳ. "ಮೇಡಂ, ನಿಮ್ ಶಾಲೆದಂತಲ್ಲ? ಪ್ರೈಜ್ ಬಂತಾ?" ಅಂತ ಹೂವಿನವಳು ಕೇಳಿದಳು. ಕೇಳಿಸದವಳಂತೆ ನಡೆದುಬಿಟ್ಟೆ. ಆಮೇಲಾಮೇಲೆ ಹಿಂದಿನ ಸ್ಟಾಪಿನಲ್ಲೇ ಇಳಿದು ಸುತ್ತುಹಾಕಿ ಮನೆಗೆ ಹೋಗತೊಡಗಿದೆ.

ಎಷ್ಟು ದಿನ ಮುಚ್ಚಿಡಲಾಗುತ್ತದೆ? ಜಡೆಯಿಂದ ಬಂದು ನಮ್ಮಲ್ಲಿ ಓದುವ ಹುಡುಗಿಯೊಬ್ಬಳ ತಂದೆ ಪಾಸ್‌ಪೋರ್ಟ್ ಫೋಟೊ ತೆಗೆಸಲು ಸ್ಟುಡಿಯೋಗೆ ಬಂದರು. ಟಿವಿ ನೋಡಿ, "ಇದನ್ನೇ ಅಲ್ವಾ ಅವ್ರು ಲೆಕ್ಕಕ್ಕೇ ತಗೊಳ್ದೆ ಬಿಟ್ಟಿದ್ದು?" ಅಂದರಂತೆ.

ನಾನು ಮನೆಗೆ ಬಂದಾಗ ಇವರು ಆಗಲೇ ಸ್ಟುಡಿಯೋ ಮುಚ್ಚಿ ಬಂದು ಜಗಲಿಯ ಮೇಲೆ ಕೂತಿದ್ದರು. ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ.

"ಬಸ್‌ಸ್ಟ್ಯಾಂಡಿನ ಜನಕ್ಕೆಲ್ಲ ತೋರಿಸ್ದೆ ಮಾರಾಯ್ತಿ" ಅಂದರು. "ಹೇಳಬಾರದಿತ್ತಾ ನೀನು?"

"ಹೇಗೆ ಹೇಳಲಿ?"

ಅವರು ತಲೆ ತಗ್ಗಿಸಿದರು. "ಕೈ ಕೇಳಲ್ಲ ಕಣೆ. ಮುಖ ನಗ್ತಿದ್ರೆ ಅಲ್ಲಿಗೇ ಹೋಗ್ತದೆ. ಯಾರಾದ್ರೂ ಬಿಟ್ಟುಹೋದ್ರಾ?" ಅಂದರು. ಉಡುತಡಿಯ ಹುಡುಗಿಯ ವಿಷಯ ಹೇಳಿದೆ. ಅವರು ಎದ್ದು ಒಳಗೆ ಹೋದರು. ಊಟಕ್ಕೆ ಕರೆದಾಗಲೂ ಬೇಗ ಬರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಂದು ವಾರ ಕಳೆದೆವು.

ಮರುವರ್ಷ ಅದೇ ಸಂಸ್ಥೆ ಮತ್ತೊಮ್ಮೆ ಸ್ಪರ್ಧೆ ಕರೆಯಿತು. ಹೆಡ್‌ಮೇಡಂ ಮುಂದೆ ಹೋಗಿ ನಿಲ್ಲಲು ಕಾಲು ಬರುತ್ತಿರಲಿಲ್ಲ. ಆದರೂ ಹೋಗಿ, "ಈ ಸಲ ಫೋನಲ್ಲೇ ತೆಗೀತೀವಿ. ಒಂದು ಸ್ಟ್ಯಾಂಡ್ ಬೇಕು" ಅಂದೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಶಾಲೆಯ ಕೈಲಿ ಎಷ್ಟಾಗುತ್ತೋ ಅಷ್ಟರಲ್ಲಿ ನೋಡ್ರಿ" ಅಂದರು.

ಶಿರಾಳಕೊಪ್ಪಕ್ಕೆ ನಾನೂ ಇವರೂ ಹೋದೆವು. ಮೊಬೈಲ್ ಅಂಗಡಿಯವನು ಮೊದಲು ತೆಗೆದಿಟ್ಟದ್ದು ತುದಿಗೆ ದೀಪದ ಬಳೆಯಿರುವ ಸ್ಟ್ಯಾಂಡ್, ರೀಲ್ಸ್ ಮಾಡುವವರದ್ದು. ನೋಡಲು ಚೆಂದ. ಇವರು ಬೆರಳಿನಿಂದ ಒಮ್ಮೆ ತಟ್ಟಿದರು. ಅದು ಅಲುಗುತ್ತಲೇ ಇತ್ತು. "ಬಯಲಲ್ಲಿ ಗಾಳಿಗೆ ನಿಲ್ಲಲ್ಲ." ಆಮೇಲೆ ಫೋನಿನ ಕಣ್ಣಿಗೆ ಸಿಕ್ಕಿಸುವ ಸಣ್ಣ ಗಾಜು. ಅಗಲವಾಗಿ ಕಾಣುತ್ತದೆ, ಬೆಲೆಯೂ ಕಡಿಮೆ. ನನಗೆ ಆಸೆಯಾಯಿತು. ಅದನ್ನು ಹಾಕಿ ಎದುರಿನ ಸಾಲು ಅಂಗಡಿಗಳನ್ನು ನೋಡಿದೆವು. ತುದಿಯ ಕಂಬ ಬಿಲ್ಲಿನಂತೆ ಬಾಗಿತ್ತು. "ತುದಿಯಲ್ಲಿ ನಿಂತ ಮಗೂನೂ ಹೀಗೇ ಬಾಗ್ತದೆ. ಬೇಡ" ಅಂದರು. ನಾನು ಆ ಗಾಜನ್ನು ಬಿಡಿಸಿ ಅಂಗಡಿಯವನಿಗೆ ವಾಪಸು ಕೊಟ್ಟೆ. ಕೊನೆಗೆ ತೆಗೆದುಕೊಂಡದ್ದು ದಪ್ಪ ಕಾಲಿನ, ತೂಕದ, ಹಳೆಯ ಸ್ಟ್ಯಾಂಡು. ಯಾರೋ ಸ್ಟುಡಿಯೋ ಮುಚ್ಚುವಾಗ ಮಾರಿಹೋದದ್ದು. ಫೋನ್ ಹಿಡಿಯುವ ಕ್ಲಿಪ್ ಒಂದನ್ನು ಅದಕ್ಕೆ ಹೊಸದಾಗಿ ಕೊಂಡೆವು.

ಗಣಿತದ ಮೇಡಂ ಹತ್ತಿರ ಫೋನ್ ಕೇಳುವುದು ಉಳಿದಿತ್ತು. "ಅವತ್ತು ನಾನು ನಕ್ಕಿದ್ದು..." ಅಂತ ಶುರು ಮಾಡಿದೆ. ಅವರು ಫೋನನ್ನು ನನ್ನ ಕೈಗಿಟ್ಟು, "ವಿಡಿಯೋಗೆ ಅಂತ ಇದ್ರಲ್ಲಿ ಜಾಗ ಖಾಲಿ ಮಾಡಿಟ್ಟೀನಿ, ತಗೊಳ್ರೀ" ಅಂದರು.

ಹೊಸ ಡ್ರಿಲ್ ಕಲಿಸುವ ಮೊದಲು ಹಳೆಯದನ್ನೇ ಒಮ್ಮೆ ತೆಗೆದು ನೋಡೋಣ ಅಂದುಕೊಂಡೆವು. ಉಡುತಡಿಯ ಹುಡುಗಿ ಆ ಹೊತ್ತಿಗೆ ಹತ್ತನೇ ಕ್ಲಾಸ್ ಮುಗಿಸಿ ಕಾಲೇಜು ಸೇರಿದ್ದಳು. ಹೇಳಿ ಕಳಿಸಿದೆ, ಬಂದಳು. ಅವಳ ತಾಯಿ ಬರಲಿಲ್ಲ. "ಕೆಲ್ಸ ಐತಂತೆ ಮೇಡಂ" ಅಂದಳು. ಕೆಳಗೆ ನಿಂತು ತೆಗೆದರೆ ಮುಂದಿನವರು ಹಿಂದಿನವರನ್ನು ಮರೆಮಾಡುತ್ತಿದ್ದರು. ಅದಕ್ಕೆ ಸ್ಟ್ಯಾಂಡನ್ನು ಶಾಲೆಯ ತಾರಸಿಗೆ ಹೊತ್ತೊಯ್ದೆವು. ಹಾಡಿನ ಪೆಟ್ಟಿಗೆಯನ್ನು ಮೇಲಿನ ಫೋನಿಗೂ ಕೇಳುವಂತೆ ಕೆಳಗೆ ಗೋಡೆಯ ಬುಡದಲ್ಲಿಟ್ಟೆವು. ಇವರು ಗುಂಡಿ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಬಾವುಟ ಮೇಲೆ ಹಾರಿದಾಗ ಅವರ ಬೆರಳುಗಳು ಒಂದನ್ನೊಂದು ಹಿಸುಕಿದ್ದು ನನಗೆ ಕಂಡಿತು.

ಆ ವಿಡಿಯೋವನ್ನು ಹುಡುಗಿಯ ಫೋನಿಗೆ ಕಳಿಸಿದೆವು. "ಅಮ್ಮಂಗೆ ತೋರಿಸ್ತೀನಿ" ಅಂದಳು. ತೋರಿಸಿದಳೋ ಇಲ್ಲವೋ ಗೊತ್ತಿಲ್ಲ. ಕೇಳಲು ನನಗೆ ನಾಚಿಕೆ.

ಹೊಸ ಡ್ರಿಲ್ ಅನ್ನು ಹಾಗೆಯೇ ತಾರಸಿಯಿಂದ ತೆಗೆದು ಕಳಿಸಿದೆವು. ಫಲಿತಾಂಶದ ದಿನ ನಾನು ಹಾಲ್‌ನ ಬಾಗಿಲ ಹತ್ತಿರ ಕೂತೆ, ಎದ್ದುಹೋಗಲು ಅನುಕೂಲವಾಗುವಂತೆ. ನಮ್ಮ ವಿಡಿಯೋ ಬಂತು. ಗುಲಾಬಿಯಿಲ್ಲ, ಚಿನ್ನದ ಅಕ್ಷರವಿಲ್ಲ. ಸಾಲು ಸಾಲಾಗಿ ಎಲ್ಲರೂ ಕಂಡರು. ಜೊತೆಗೆ, ಎರಡನೇ ಎಸೆತದಲ್ಲಿ ಒಂದು ಬಾವುಟ ಎಲ್ಲಕ್ಕಿಂತ ತಡವಾಗಿ ಮೇಲೆ ಹೋದದ್ದೂ, ತಿರುಗುವಾಗ ಮೂಲೆಯ ಸಾಲು ಸೊಟ್ಟಗಾದದ್ದೂ ಕಂಡಿತು. ತೀರ್ಪುಗಾರರು ಅವೆರಡನ್ನೂ ಹೇಳಿದರು. ನಾವು ನಡುವಿನಲ್ಲೆಲ್ಲೋ ಬಂದೆವು. ಬಹುಮಾನವಿಲ್ಲ.

ಮಕ್ಕಳು ನನ್ನ ಕಡೆ ನೋಡಲೇ ಇಲ್ಲ. "ಏಯ್, ನೀನೇ ಲೇಟು!" "ನಾನಲ್ಲ, ನೀನು ಬೇಗ ಎತ್ತಿದ್ದೆ!" ಅಂತ ಜಗಳವಾಡುತ್ತ, ಬಾಗಿಲಲ್ಲಿ ಕೂತಿದ್ದ ನನ್ನನ್ನು ದಾಟಿಕೊಂಡು, ಕೋಲುಗಳನ್ನು ಎತ್ತಿಕೊಂಡು ಮೈದಾನಕ್ಕೆ ಓಡಿದರು.