ಸಾಲು ಹೇಳುವ ಬುವಾಂಗಿ

ನಮ್ಮ ಕೇರಿಯ ಮೈಕು ಬೆಳಿಗ್ಗೆ ಒಮ್ಮೆ ಗೊರಗೊರ ಎಂದರೆ ಸಾಕು, ಒಲೆಯ ಮುಂದೆ ಕೂತವರ ಕೈ ಅಲ್ಲಲ್ಲೇ ನಿಂತುಬಿಡುತ್ತದೆ. ನಲ್ಲಿಗೆ ನೀರು ಬಿಡುತ್ತಾರೆ ಎನ್ನುತ್ತದೋ, ಇಂಥವರು ತೀರಿಕೊಂಡರು ಎನ್ನುತ್ತದೋ, ಮೊದಲ ಮಾತು ಬೀಳುವ ತನಕ ಗೊತ್ತಾಗುವುದಿಲ್ಲ. ಆ ಚಳಿಗಾಲದಲ್ಲಿ ಅದು ನೀರಿನ ಮಾತಾಡಿದ್ದು ಅಪರೂಪ. ಒಂದು ಸಾವಿನ ಮನೆಯಿಂದ ಬೆಂಚುಗಳನ್ನು ಹೊತ್ತು ತರುವಷ್ಟರಲ್ಲಿ ಇನ್ನೊಂದು ಮನೆಗೆ ಅವೇ ಬೆಂಚು ಬೇಕಾಗುತ್ತಿದ್ದವು. "ಇವನ್ನ ಮತ್ತೆ ಸಮುದಾಯ ಭವನಕ್ಕೆ ಯಾಕೆ ಹೊರಬೇಕು, ದಾರೀಲೇ ಬಿಟ್ಟಿರೋಣ" ಎಂದು ಬೆಂಚು ಹೊರುವವರು ನಗೆಯಾಡುತ್ತಿದ್ದರು. ಆ ನಗೆಯೂ ಅರ್ಧಕ್ಕೇ ನಿಲ್ಲುತ್ತಿತ್ತು.

"ಮತ್ತೆ ಎದೇದೇನಾ?"

"ಇನ್ನೇನಿರುತ್ತೆ."

ಎದೆಯದ್ದು ಎಂದರೆ ಶ್ವಾಸಕೋಶದ ಕ್ಯಾನ್ಸರ್. ಇಲ್ಲಿ ಅದರ ಪೂರ್ತಿ ಹೆಸರು ಹೇಳುವವರು ಡಾಕ್ಟರರು ಮಾತ್ರ. ಉಳಿದವರಿಗೆ ಅಷ್ಟೇ ಸಾಕು, ಯಾಕೆಂದರೆ ಅದರ ಪರಿಚಯ ಇಲ್ಲದ ಮನೆ ಐಜಾಲಿನ ಗುಡ್ಡದಲ್ಲಿ ಹುಡುಕಿದರೆ ಸಿಗಬೇಕು.

ಆ ಚಳಿಗಾಲದಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವಳು ಪಿ ಬುವಾಂಗಿ. ಹಿರಿಯ ಹೆಂಗಸರನ್ನು ನಾವು ಪಿ ಎಂದು ಕರೆಯುತ್ತೇವೆ, ಆದರೆ ಹಿರಿಯಳ ಹಾಗೆ ಆಕೆ ಒಂದು ಕಡೆ ಕೂತದ್ದನ್ನು ಯಾರೂ ಕಂಡಿಲ್ಲ. ಮಾರುಕಟ್ಟೆಗೆ ಹೊತ್ತಿಗೆ ಮುಂಚೆ ಹೋಗುವವಳು, ಅಲ್ಲಿಂದ ಹೊತ್ತಿಗೆ ಮುಂಚೆ ಎದ್ದು ಬರುವವಳು. ಹೊಗೆಸೊಪ್ಪನ್ನು ಕಾಗದದಲ್ಲಿ ಸುತ್ತಿ ಕಟ್ಟು ಕಟ್ಟಿ ಮಾರುವುದು ಅವಳ ಕಸುಬು. ಝೋಝಿಯಾಲ್ ಎಂಬ ಆ ಸುರುಳಿಗಳನ್ನು ಮಾತಾಡುತ್ತಾ ಸುತ್ತುತ್ತಿದ್ದಳು, ಜಗಳವಾಡುತ್ತಾ ಸುತ್ತುತ್ತಿದ್ದಳು. ಹತ್ತರಲ್ಲಿ ಒಂದು ಅವಳ ತುಟಿಗೇ ಹೋಗುತ್ತಿತ್ತು.

ಆದರೆ ಅವಳ ಹೆಸರು ನಿಂತದ್ದು ಹೊಗೆಸೊಪ್ಪಿನ ಮೇಲಲ್ಲ, ಉಸಿರಿನ ಮೇಲೆ. ಸಾವಿನ ಮನೆಯಲ್ಲಿ ಸಂಜೆಯ ಊಟವಾದ ಮೇಲೆ ಕೇರಿಯೆಲ್ಲ ಕೂತು ಹಾಡುತ್ತದೆ. ಹಾಡು ಎಲ್ಲರಿಗೂ ಬಾಯಿಪಾಠ. ಆದರೂ ಪ್ರತಿ ಸಾಲನ್ನೂ ಒಬ್ಬರು ಮುಂಚೆ ಎತ್ತಿ ಹೇಳಬೇಕು. ಹಿಂದಿನ ಸಾಲಿನ ಕೊನೆಯನ್ನು ಜನ ಇನ್ನೂ ಎಳೆಯುತ್ತಿರುವಾಗಲೇ, ಒಂದೇ ಉಸಿರಿನಲ್ಲಿ, ಮುಂದಿನದನ್ನು ಹೇಳಿ ಮುಗಿಸಬೇಕು. ಕೂಡಲೇ ಡೋಲು ಬೀಳುತ್ತದೆ, ಮನೆಯೆಲ್ಲ ಆ ಸಾಲನ್ನು ಎತ್ತಿಕೊಳ್ಳುತ್ತದೆ. ಹೇಳುವವರು ತಡವರಿಸಿದರೆ ಅಷ್ಟೂ ಜನ ಎಡವುತ್ತಾರೆ. ಮದುವೆಗೆ ಮುಂಚಿನಿಂದಲೂ ನಮ್ಮ ಕೇರಿಗೆ ಸಾಲು ಹೇಳಿದವಳು ಬುವಾಂಗಿ. ಹೊರಡುವ ಮುಂಚೆ ತಪ್ಪದೆ ಒಂದು ಸುರುಳಿ ಹಚ್ಚುತ್ತಿದ್ದಳು. ಮಗಳು ಪಾರ್ತೇಯಿ ಬೈದರೆ, "ಗಂಟಲು ಕಾಯಿಸ್ಕೋಬೇಡ್ವೇನೇ? ತಣ್ಣಗಿನ ಗಂಟಲಲ್ಲಿ ಯಾರಾದ್ರೂ ಸಾಲು ಹೇಳ್ತಾರಾ?" ಎನ್ನುತ್ತಿದ್ದಳು. ನಮಗೂ ಅದು ಸರಿ ಎಂದೇ ಕಾಣುತ್ತಿತ್ತು.

ಡೋಲು ಬಾರಿಸುವವನು ಪು ವುಂಗಾ; ಹಿರಿಯ ಗಂಡಸರು ನಮಗೆ ಪು. ಅವಳ ಜೊತೆಗೇ ಬೆಳೆದವನು, ಪಕ್ಕದ ಮೆಟ್ಟಿಲ ಸಾಲಿನ ಮನೆಯವನು. ಅವನ ಹೆಂಡತಿ ಥಾನಿಯೂ ಎದೆಯದ್ದರಲ್ಲೇ ಹೋಗಿದ್ದಳು.

ಆ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ನಮ್ಮ ಕೇರಿಯ ಹಾಡು ನಿಧಾನವಾಯಿತು. ಪಕ್ಕದ ಕೇರಿಯಿಂದ ಬಂದ ನೆಂಟರು, "ಏನ್ರೀ, ನಿಮ್ಮ ಹಾಡು ಮುಗಿಯೋದ್ರಲ್ಲಿ ನಮ್ಮ ಟೀ ಆರಿಹೋಯ್ತು" ಎಂದು ಚುಚ್ಚಿದರು. ವುಂಗಾನಿಗೆ ವಯಸ್ಸಾಯಿತು, ಕೈ ಏಳುವುದಿಲ್ಲ ಎಂದುಕೊಂಡೆವು. ಬುವಾಂಗಿಯೇ ಎಲ್ಲರೆದುರು, "ಏ ಮುದುಕ, ಡೋಲು ಬಾರಿಸ್ತಿದೀಯೋ, ಮಗು ತಟ್ಟಿ ಮಲಗಿಸ್ತಿದೀಯೋ?" ಎಂದು ಛೇಡಿಸಿದಳು. ವುಂಗಾ ಡೋಲಿನ ಚರ್ಮ ಬಿಗಿ ಮಾಡುವವನಂತೆ ತಲೆ ತಗ್ಗಿಸಿದ.

ಅದೇ ದಿನಗಳಲ್ಲಿ ಮೈಕು ಬೇರೆ ಮಾತಾಡಿತು. ಶನಿವಾರ ಭವನಕ್ಕೆ ಡಾಕ್ಟರು ಬರುತ್ತಾರೆ, ಐವತ್ತು ದಾಟಿದವರು, ಹೊಗೆ ಸೇದುವವರು ಎದೆ ತೋರಿಸಿಕೊಳ್ಳಬೇಕು. ಪಾರ್ತೇಯಿ ತಾಯಿಯ ಹಿಂದೆ ಬಿದ್ದಳು. ರಾತ್ರಿ ಗೋಡೆಯ ಆಚೆಯಿಂದ ಕೆಮ್ಮು ಕೇಳಿ ಕೇಳಿ ಅವಳ ನಿದ್ದೆ ಕೆಟ್ಟಿತ್ತು.

"ಅಮ್ಮಾ, ಒಂದ್ಸಲ ತೋರಿಸ್ಕೊಂಡು ಬಿಡು."

"ಶನಿವಾರ ಮೇಲಿನ ಮನೆಯ ಹಾಡಿದೆ."

"ಹಾಡು ಸಂಜೆಗೆ. ಡಾಕ್ಟರು ಬೆಳಿಗ್ಗೆ."

"ಬೆಳಿಗ್ಗೆ ಅವರ ಮನೇಲಿ ನೀರು ಹೊರೋರು ಯಾರು, ನೀನಾ? ಹೋಗೇ! ತೋರಿಸ್ಕೊಂಡೋರೆಲ್ಲ ಏನಾಗಿ ಹೋದ್ರು ನೋಡಿದೀಯಲ್ಲ. ನೋಡಿದ್ರೇನೇ ಅದು ಇರೋದು."

ಶನಿವಾರ ಭವನದ ಮುಂದೆ ಸಾಲು ನಿಂತಿತ್ತು. ಬುವಾಂಗಿ ಬೆನ್ನಿಗೆ ಬುಟ್ಟಿ ಹಾಕಿಕೊಂಡು ಹಿಂದಿನ ಕಾಲುದಾರಿಯಿಂದ ಇಳಿದುಹೋದಳು.

ಆ ಸಂಜೆ ಮೇಲಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಹಾಡಿಗೇ ವುಂಗಾ ಬೇರೆ ಆಸಾಮಿಯಾಗಿ ಕೂತಿದ್ದ. ಡೋಲು ಗಟ್ಟಿಯಾಗಿ, ಹಳೆಯ ನಡೆಯಲ್ಲಿ ಬಿತ್ತು. ಬುವಾಂಗಿ ಒಂದು ಸಾಲು ಹೇಳಿದಳು, ಎರಡು ಹೇಳಿದಳು. ಮೂರನೆಯದಕ್ಕೆ ಅವಳ ಕತ್ತಿನ ನರ ಎದ್ದಿತು. ಅವನ ಕಡೆ ನೋಡಿದಳು. ಅವನು ನೋಡಲಿಲ್ಲ. ನಾಲ್ಕನೆಯ ಸಾಲಿನ ನಡುವೆ ಉಸಿರು ಕಡಿಯಿತು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಜನ ಅರ್ಧ ಸಾಲು ಹಿಡಿದುಕೊಂಡು ಅತ್ತಿತ್ತ ಚೆದುರಿದರು, ಯಾರೋ ತಪ್ಪು ಮಾತು ಎತ್ತಿದರು, ಹಾಡು ಕುಸಿದು ಬಿತ್ತು. ಅವಳ ಕೆಮ್ಮೊಂದೇ ಬಹಳ ಹೊತ್ತು ಕೇಳಿತು.

ಮರುದಿನ ಬೆಳಿಗ್ಗೆ ಅವಳು ವುಂಗಾನ ಬಾಗಿಲನ್ನು ಮುಷ್ಟಿಯಿಂದ ಗುದ್ದಿದಳು. ಕೇರಿಯ ಕಿಟಕಿಗಳೆಲ್ಲ ತೆರೆದುಕೊಂಡವು.

"ಸಾವಿನ ಮನೇಲಿ ನನ್ನ ಮಾನ ತೆಗೆದೆಯಲ್ಲೋ! ಏನೋ ಮಾಡಿದ್ದೆ ನಿನಗೆ?"

"ಏನೂ ಮಾಡಿಲ್ಲ" ಎಂದ ವುಂಗಾ. "ಕ್ರಿಸ್‌ಮಸ್ಸಿಂದ ನಿನ್ನ ಉಸಿರಿಗೆ ಕಾದು ಕಾದು ಬಾರಿಸಿದೀನಿ. ಪ್ರತಿ ಸಾಲಿಗೂ. ನೀನೇ ಮುದುಕ ಅಂದೆ."

ಬುವಾಂಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಥಾನಿಗೂ ಹೀಗೇ ಮಾಡ್ದೆ ಕಣೇ. ಮೆಟ್ಟಿಲು ಹತ್ತೋವಾಗ ಅವಳಿಗೆ ನಾಚಿಕೆ ಆಗ್ಬಾರ್ದು ಅಂತ ನಾನೇ ನಿಧಾನ ಮಾಡ್ತಿದ್ದೆ. ಚಪ್ಪಲಿ ಸರಿ ಮಾಡ್ಕೋತಿದ್ದೆ, ಯಾರನ್ನೋ ಮಾತಾಡಿಸ್ತಿದ್ದೆ. ಅವಳಿಗೆ ತಾನು ಚೆನ್ನಾಗೇ ಇದೀನಿ ಅನ್ನಿಸ್ತು. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಏನೂ ಉಳಿದಿರ್ಲಿಲ್ಲ. ನಿನಗೆ ಕಾಯಲ್ಲ ನಾನು. ಬೈಯೋದಾದ್ರೆ ಬೈ."

ಅವಳು ಬೈಯಲಿಲ್ಲ. "ನಿನ್ನ ಬಾಯಿ ಮುಚ್ಚಿಸೋಕಾದ್ರೂ ತೋರಿಸ್ಕೊಂಡು ಬರ್ತೀನಿ. ಏನೂ ಇಲ್ಲ ಅಂದ್ರೆ ಆ ಡೋಲು ನಿನ್ನ ತಲೆ ಮೇಲೆ ಬಾರಿಸ್ತೀನಿ" ಎಂದು ಹೇಳಿ ಹೋದಳು.

ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದರು, ಯಂತ್ರದೊಳಗೆ ಮಲಗಿಸಿದರು, ಇನ್ನೊಂದು ದಿನ ಬರಹೇಳಿ ಪಕ್ಕೆಗೆ ಸೂಜಿ ಚುಚ್ಚಿದರು. ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಅವಳು ಸುತ್ತಿದ ಸುರುಳಿಗಳು ಒಂದೂ ನೆಟ್ಟಗಾಗಲಿಲ್ಲ. ಸುತ್ತುವಳು, ಬಿಚ್ಚುವಳು, ಎದ್ದು ಬಾಗಿಲಿಗೆ ಹೋಗುವಳು. ವುಂಗಾನ ಜೊತೆ ಮಾತು ನಿಂತಿತ್ತು.

ಫಲಿತಾಂಶದ ದಿನ ಪಾರ್ತೇಯಿಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ. ಬುವಾಂಗಿ ಒಬ್ಬಳೇ ಹೊರಟಳು. ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ವುಂಗಾ ಆಗಲೇ ಹತ್ತಿ ಕೂತಿದ್ದ. ದಾರಿಯುದ್ದಕ್ಕೂ ಇಬ್ಬರೂ ಕಿಟಕಿಯ ಹೊರಗೆ ನೋಡಿದರು.

ಆಸ್ಪತ್ರೆಯ ಪಡಸಾಲೆಯಲ್ಲಿ ರಾಜ್ಯವೇ ಬಂದು ಕೂತಂತಿತ್ತು. ಚಾಂಫಾಯಿಯ ಗದ್ದೆಯವರು, ಲುಂಗ್ಲೇಯಿಯ ಮೇಷ್ಟ್ರು, ದೂರದ ಸಾಯಿಹಾದಿಂದ ರಾತ್ರಿಯಿಡೀ ಸುಮೋದಲ್ಲಿ ಕುಲುಕಿಕೊಂಡು ಬಂದ ಅಜ್ಜಿ. ಎಲ್ಲರ ಮಡಿಲಲ್ಲೂ, ಬುವಾಂಗಿಯ ಮಡಿಲಲ್ಲಿದ್ದಂಥದೇ, ಎದೆಯ ಫೋಟೋ ಇಟ್ಟ ದೊಡ್ಡ ಲಕೋಟೆ. ಒಬ್ಬರು ಕೆಮ್ಮಿದರೆ ಸಾಕು, ಆ ತುದಿಯಿಂದ ಈ ತುದಿಗೆ ಕೆಮ್ಮು ನಡೆದುಬರುತ್ತಿತ್ತು. ಬುವಾಂಗಿ ಎದ್ದಳು, ಕೂತಳು, ಮತ್ತೆ ಎದ್ದಳು. ಸಾಯಿಹಾದ ಅಜ್ಜಿ ಹೊದ್ದ ಶಾಲನ್ನು ಸರಿಪಡಿಸಿಕೊಳ್ಳುತ್ತಾ, "ಕೂತ್ಕೊಳ್ಳೇ ಮಾರಾಯ್ತಿ, ನಿನ್ನ ನೋಡಿ ನೋಡಿ ನನಗೇ ಏದುಸಿರು" ಎಂದಳು. ಸುತ್ತಲಿನವರು ನಕ್ಕರು. ಬುವಾಂಗಿಯೂ ನಕ್ಕಳು, ನಗುವಷ್ಟಕ್ಕೇ ಉಸಿರು ಸಾಲದೆ ಬೆಂಚಿಗೆ ಕುಸಿದಳು.

ಹೆಸರು ಕರೆದರು. ಒಳಗೆ ಹೋದವಳು ಬೇಗನೆ ಹೊರಬಂದಳು. ವುಂಗಾ ಎದ್ದು ನಿಂತ.

"ಇದೆ" ಎಂದಳು. ಎಷ್ಟೋ ದಿನಗಳ ಮೇಲೆ ಅವನಿಗೆ ಆಡಿದ ಮೊದಲ ಮಾತು. "ಎಡಗಡೆ. ಇನ್ನೂ ಚಿಕ್ಕದಂತೆ, ಬೇರೆ ಕಡೆ ಹೋಗಿಲ್ವಂತೆ. ಅಷ್ಟು ಭಾಗ ಕೊಯ್ದು ತೆಗೀತೀವಿ ಅಂದ್ರು. ಇನ್ನು ಸೇದೋ ಹಾಗಿಲ್ಲ."

"ಮತ್ತೆ?"

"ಹೂಂ ಅಂದೆ. ಸಾಲು ಹೇಳೋಕೆ ಆಗುತ್ತಾ ಅಂತ ಕೇಳ್ದೆ. ಮೊದ್ಲು ಬದುಕಿ ಬನ್ನಿ ಪಿ, ಆಮೇಲೆ ಕೇಳಿ ಅಂತು ಆ ಡಾಕ್ಟರ್ ಹುಡುಗಿ." ಅವನ ಕಣ್ಣು ತುಂಬಿದ್ದು ನೋಡಿ ರೇಗಿದಳು. "ನೋಡು, ಇಲ್ಲಿ ಅಳಬೇಡ. ಇಷ್ಟು ಜನ ಒಳಗೆ ಹೋಗೋದಿದೆ ಇನ್ನೂ, ಹೆದರ್ಕೋತಾರೆ. ನಡಿ."

ಕೇರಿಯ ಬುಡದಲ್ಲಿ ಟ್ಯಾಕ್ಸಿ ಇಳಿದರು. ಮನೆಗೆ ಕಡಿದಾದ ಮೆಟ್ಟಿಲು. ಅಕ್ಕಪಕ್ಕದ ಮನೆಗಳಲ್ಲಿ ಸಂಜೆಯ ಅಡುಗೆಯ ಹೊತ್ತು, ಎಲ್ಲರೂ ಕಿಟಕಿಯಲ್ಲೇ. ಬುವಾಂಗಿ ಎಂದಿನಂತೆ ದಡದಡನೆ ಹತ್ತಲು ಶುರು ಮಾಡಿದಳು. ನಡುವೆ ನಿಂತಳು. ಕಂಬಿ ಹಿಡಿದುಕೊಂಡಳು. ಯಾರನ್ನೂ ಕರೆಯಲಿಲ್ಲ, ಚಪ್ಪಲಿ ಸರಿ ಮಾಡುವವಳ ಹಾಗೆ ನಟಿಸಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಬಾಯಿ ತೆರೆದು ಉಸಿರು ಎಳೆದುಕೊಂಡಳು.

"ಏನಾಯ್ತು ಪಿ ಬುವಾಂಗಿ?" ಎಂದು ಒಂದು ಕಿಟಕಿ ಕೇಳಿತು.

"ಎದೇದು ಕಣೇ" ಎಂದು ಕೂಗಿ ಹೇಳಿದಳು. "ಭವನಕ್ಕೆ ಮತ್ತೆ ಡಾಕ್ಟರ್ ಬಂದ್ರೆ ನೀನೂ ಹೋಗು. ಹಿಂದಿನ ದಾರೀಲಿ ಓಡಿ ಹೋಗ್ಬೇಡ."