ಕೊಟ್ಟಿಗೆಹಾರದ ಹಂಚು, ಅರ್ಜೆಂಟೀನಾದ ಕೈ

ಆಗೆಲ್ಲ ಮಳೆಗಾಲಕ್ಕೆ ನಮಗಿದ್ದದ್ದು ಒಂದೇ ಆಟ, ಬ್ಯಾಸ್ಕೆಟ್‌ಬಾಲ್. ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಕೊಟ್ಟಿಗೆಹಾರದ ಮಳೆಯಲ್ಲಿ ಬ್ಯಾಸ್ಕೆಟ್‌ಬಾಲಾ ಎಂದು ನಗುತ್ತಾರೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಜೂನ್ ಬಂತೆಂದರೆ ಶಾಲೆಯ ಬಯಲು ಕೆಸರುಗದ್ದೆಯಾಗುತ್ತಿತ್ತು. ಕಬಡ್ಡಿ ಇಲ್ಲ, ಖೋಖೋ ಇಲ್ಲ, ಲಗೋರಿಯ ಕಲ್ಲು ಕೂಡ ಮಣ್ಣಿನಲ್ಲಿ ಹೂತುಹೋಗುತ್ತಿತ್ತು. ಸುತ್ತಮುತ್ತ ಗಟ್ಟಿ ನೆಲ ಅಂತ ಉಳಿಯುತ್ತಿದ್ದದ್ದು ಎಸ್ಟೇಟಿನ ಕಾಫಿ ಕಣ ಮಾತ್ರ. ಕಾಫಿ ಹಣ್ಣು ಒಣಗಿಸುವ ಆ ಸಿಮೆಂಟಿನ ಅಂಗಳ ಕೊಯ್ಲು ಶುರುವಾಗುವವರೆಗೆ ಖಾಲಿ ಬಿದ್ದಿರುತ್ತಿತ್ತು. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಅದರ ಅಂಚಿನ ಸಿಲ್ವರ್ ಓಕ್ ಮರಕ್ಕೆ ಹಳೇ ಡ್ರಮ್ಮಿನ ಕಬ್ಬಿಣದ ಬಳೆಯೊಂದನ್ನು ಜಡಿಸಿಕೊಟ್ಟಿದ್ದರು. ಮಳೆ ನಿಂತು ಅರ್ಧ ಗಂಟೆ ಹೊಳವಾದರೆ ಸಾಕು, ನಾವು ಕತ್ತಿ ಹಿಡಿದು ಪಾಚಿ ಕೆರೆದು ಆಟಕ್ಕೆ ಇಳಿಯುತ್ತಿದ್ದೆವು. ಒದ್ದೆ ರಬ್ಬರಿನ ವಾಸನೆ, ಪಕ್ಕದ ಗುಂಡಿಯಲ್ಲಿ ಕೊಳೆಯುತ್ತಿದ್ದ ಕಾಫಿ ಸಿಪ್ಪೆಯ ಹುಳಿ ವಾಸನೆ, ಎರಡೂ ಸೇರಿ ಕೈಗೆ ಹತ್ತಿದರೆ ರಾತ್ರಿ ಊಟಕ್ಕೆ ಕೂತಾಗಲೂ ಹೋಗುತ್ತಿರಲಿಲ್ಲ.

ನಾನು ಆ ಎಸ್ಟೇಟಿನ ರೈಟರ್ ಮಗಳು. ಬೆಳಗ್ಗೆ ಆಳುಗಳ ಹಾಜರಿ ಕೂಗುವುದು ಅಪ್ಪನ ಕೆಲಸ. ನನಗೆ ಆಗ ಹನ್ನೊಂದು ವರ್ಷ. ನನ್ನಷ್ಟು ವೇಗವಾಗಿ ಓಡುವವರು ಶಾಲೆಯಲ್ಲಿ ಇರಲಿಲ್ಲ. ನನ್ನಷ್ಟು ಜಿಪುಣರೂ ಇರಲಿಲ್ಲ. ಚೆಂಡು ಒಮ್ಮೆ ನನ್ನ ಕೈಗೆ ಬಂದರೆ ಮುಗಿಯಿತು, ಬೇರೆಯವರು ಕಣದಲ್ಲಿ ನಿಂತು ಮೋಡ ನೋಡಬೇಕಿತ್ತು. ಕೊಟ್ಟರೆ ಬೀಳಿಸುತ್ತಾರೆ ಎನ್ನುವುದು ನನ್ನ ಗಟ್ಟಿ ನಂಬಿಕೆ. ಗೆಳತಿಯರು ನನಗೆ ಇಟ್ಟ ಹೆಸರು ‘ಅಂಟು’. ಹಲಸಿನ ಅಂಟಿನ ಹಾಗೆ ಬಿಡುವುದಿಲ್ಲವಂತೆ.

ಅಥೆನ್ಸಿನಲ್ಲಿ ಒಲಿಂಪಿಕ್ಸ್ ನಡೆದ ಆಗಸ್ಟ್ ಅದು. ತಾಲ್ಲೂಕು ಮಟ್ಟದ ಆಟಕ್ಕೆ ಸೋಮವಾರ ಹೆಸರು ಬರೆದುಕೊಳ್ಳುತ್ತೇನೆ ಎಂದು ಮೇಷ್ಟ್ರು ಹೇಳಿದ್ದರು. ಶುಕ್ರವಾರ ಸಂಜೆ ನನ್ನನ್ನು ಕರೆದು ಎಲ್ಲರ ಎದುರಿಗೇ ಹೇಳಿಬಿಟ್ಟರು. “ನಿನ್ನ ಹೆಸರು ಬರೆಯೋದು ಡೌಟು. ಐದು ಜನ ಆಡೋ ಆಟ ಇದು. ನೀನೊಬ್ಳೇ ಆಡೋದಾದ್ರೆ ನಿನ್ನೊಬ್ಳನ್ನೇ ಮೂಡಿಗೆರೆಗೆ ಕರ್ಕೊಂಡು ಹೋಗ್ಲಾ?”

ಎಲ್ಲರೂ ನಕ್ಕರು. ನಾನು ಕೊಡೆ ಬಿಚ್ಚದೆ ನೆನೆದುಕೊಂಡೇ ಮನೆಗೆ ಬಂದೆ. ಕಣ್ಣೀರು ಕಾಣಬಾರದಲ್ಲ.

ಆ ರಾತ್ರಿ ಗಾಳಿ ಹುಚ್ಚು ಹಿಡಿದಂತೆ ಬೀಸಿತು. ಕರೆಂಟು ಹೋಯಿತು. ಬೆಳಗ್ಗೆ ಶನಿವಾರದ ಅರ್ಧ ದಿನದ ಶಾಲೆ ಮುಗಿಸಿಕೊಂಡು ಕೊಟ್ಟಿಗೆಹಾರದ ಸರ್ಕಲಿಗೆ ಬಂದರೆ ಬೋಜಣ್ಣನ ಹೋಟೆಲಿನ ಮುಂದೆ ಜನ ಸೇರಿದ್ದರು. ಬೋಜಣ್ಣನ ಹೋಟೆಲೆಂದರೆ ನಮಗೆ ನೀರುದೋಸೆ, ಬನ್ಸು, ಮತ್ತು ಇಡೀ ಸರ್ಕಲಿಗೆ ಒಂದೇ ಆಗಿದ್ದ ದೊಡ್ಡ ಟೀವಿ. ಆ ಟೀವಿಯ ಮೇಲಿನ ಹಂಚಿನ ಮಾಡಿಗೇ ಮರದ ದೊಡ್ಡ ಕೊಂಬೆ ಬಿದ್ದಿತ್ತು. ಹಂಚು ಪುಡಿಪುಡಿಯಾಗಿ ಒಳಗಿನಿಂದ ಆಕಾಶ ಕಾಣುತ್ತಿತ್ತು. ಟೀವಿಯನ್ನು ಗೊಬ್ಬರದ ಚೀಲದಲ್ಲಿ ಸುತ್ತಿ, ಎಳೆ ಮಗುವನ್ನು ಕಾಯುವ ಹಾಗೆ ಬೋಜಣ್ಣ ಪಕ್ಕದಲ್ಲಿ ನಿಂತಿದ್ದರು.

ಆದರೆ ಜನ ಮಾತಾಡುತ್ತಿದ್ದದ್ದು ಮಾಡಿನ ವಿಷಯವಲ್ಲ. ರೇಡಿಯೋದಲ್ಲಿ ಸುದ್ದಿ ಬಂದಿತ್ತು. ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲಿನ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಅಮೆರಿಕವನ್ನು ಸೋಲಿಸಿತ್ತು.

“ನಮ್ಮೋರು ಗೆದ್ರು ಮಾರಾಯ್ರೆ!” ಎಂದರು ಬೋಜಣ್ಣ, ಗುಂಪಿನಲ್ಲಿದ್ದ ಅಪ್ಪನಿಗೆ.

“ಅವ್ರು ನಮ್ಮೋರು ಯಾವಾಗ ಆದ್ರು?” ಅಪ್ಪ ಕೇಳಿದರು.

“ಬ್ರೆಜಿಲಿನ ಪಕ್ಕದ ಮನೆಯವ್ರು ರೈಟ್ರೆ. ಬ್ರೆಜಿಲಿಗೆ ಆಗದವ್ರು ಅಂದ್ರೆ ನಮ್ಮೋರೇ ಅಲ್ವಾ?”

ನಮ್ಮ ಕಡೆ ಹುಟ್ಟಿದ ಮಗುವಿಗೂ ಬ್ರೆಜಿಲ್ ಗೊತ್ತು. ಅಲ್ಲಿ ಹಿಮ ಬಿದ್ದು ಕಾಫಿ ಸುಟ್ಟರೆ ಇಲ್ಲಿ ರೇಟು ಏರುತ್ತದೆ, ಅಲ್ಲಿ ಬೆಳೆ ಚೆನ್ನಾದರೆ ಇಲ್ಲಿ ಮುಖ ಬಾಡುತ್ತದೆ. ಹಾಗಾಗಿ ಬ್ಯಾಸ್ಕೆಟ್‌ಬಾಲಿನ ಗಂಧಗಾಳಿ ಇಲ್ಲದವರೂ ಅಂದು ಅರ್ಜೆಂಟೀನಾದ ನೆಂಟರಾಗಿದ್ದರು.

ಆದರೆ ಹೇಗೆ ಗೆದ್ದರು? ಅದೇ ಯಾರಿಗೂ ಬಗೆಹರಿಯಲಿಲ್ಲ. “ಅಮೆರಿಕದವ್ರು ಒಬ್ಬೊಬ್ರೂ ನಮ್ಮ ಪೆಪ್ಪರ್ ಕೊಯ್ಯೋ ಏಣಿಯಷ್ಟು ಎತ್ತರ. ಸೋತ್ರು ಅಂದ್ರೆ ಅವ್ರಿಗೆ ಹೊಟ್ಟೆ ಕೆಟ್ಟಿರ್ಬೇಕು,” ಎಂದು ಅಪ್ಪ. ಅರ್ಜೆಂಟೀನಾದವರು ದನದ ಮಾಂಸ ತಿಂದು ಅವರಿಗಿಂತ ಎತ್ತರ ಬೆಳೆದಿರಬೇಕು ಎಂದು ಇನ್ನೊಬ್ಬರು. ರೆಫ್ರಿಗೆ ಅಮೆರಿಕದ ಮೇಲೆ ಸಿಟ್ಟಿತ್ತು ಎಂದು ಮತ್ತೊಬ್ಬರು. ಡ್ರಿಲ್ ಮೇಷ್ಟ್ರು ಚಹಾ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡು, “ಚೆಂಡನ್ನು ಕೈಯಲ್ಲಿ ಇಟ್ಕೊಳ್ಳದೆ ಗೆದ್ದಿದಾರೆ,” ಎಂದರು. ಚೆಂಡಿಲ್ಲದೆ ಹೇಗೆ ಗೆಲ್ಲುವುದು ಎಂದು ನನಗೆ ತಲೆಬುಡ ಅರ್ಥವಾಗಲಿಲ್ಲ. ಅವರು ನನ್ನ ಕಡೆ ತಿರುಗಿದರು. “ಮೂರು ಗಂಟೆಗೆ ಅದೇ ಮ್ಯಾಚನ್ನು ಮತ್ತೆ ಹಾಕ್ತಾರೆ. ನೋಡು. ನೋಡಿ ಸೋಮವಾರ ಕಣದಲ್ಲಿ ನಂಗೆ ತೋರ್ಸು. ಆಮೇಲೆ ನಿನ್ನ ಹೆಸರಿನ ಮಾತು.”

ಆ ಮ್ಯಾಚು ನೋಡಲೇಬೇಕು. ನೋಡಬೇಕಾದರೆ ಟೀವಿ ಹಚ್ಚಬೇಕು. ಟೀವಿ ಹಚ್ಚಬೇಕಾದರೆ ಮೇಲೆ ಮಾಡಿರಬೇಕು. ಕರೆಂಟು ಬಂದಿತ್ತು, ಮಳೆಯೂ ಹೊಳವಾಗಿತ್ತು. ಆದರೆ ಚಾರ್ಮಾಡಿ ಘಾಟಿನ ಕಡೆಯ ಮೋಡ ಆಗಲೇ ಕಪ್ಪಾಗಿ ಏರಿ ಬರುತ್ತಿತ್ತು.

ಆಗ ಸಾಮಾನಿನ ಚೀಲ ಹಿಡಿದು ಬಂದವರು ಗಿರಿಜಕ್ಕ. ನಮ್ಮ ಎಸ್ಟೇಟಿನಲ್ಲೇ ಕೆಲಸ ಮಾಡುವವರು. ಕುಳ್ಳು ಆಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಮಾತು ಕಮ್ಮಿ. ಅವರ ಗಂಡ ತಿಮ್ಮಣ್ಣ ಆಗಲೇ ಮಾಡು ಹತ್ತಿ ಹಂಚು ಕೂರುವ ಮುರಿದ ಮರದ ರೀಪು ಸರಿಮಾಡುತ್ತಿದ್ದರು. ಗಿರಿಜಕ್ಕ ಮೇಲೆ ನೋಡಿ, ಮೋಡ ನೋಡಿ, ಹೋಟೆಲಿನ ಹಿಂದಿನ ದಿಬ್ಬ ನೋಡಿದರು. ದಿಬ್ಬದ ಮೇಲೆ ಬೋಜಣ್ಣನ ಹಳೇ ಕೊಟ್ಟಿಗೆ ಬಿಚ್ಚಿದಾಗ ಪೇರಿಸಿಟ್ಟ ಮಂಗಳೂರು ಹಂಚು ಪಾಚಿ ಹಿಡಿದು ಕೂತಿತ್ತು.

“ಮಾತಾಡಿದ್ರೆ ಮಾಡು ಆಗುತ್ತಾ? ಸಾಲು ನಿಲ್ಲಿ,” ಎಂದರು.

ಅರ್ಜೆಂಟೀನಾದ ನೆಂಟರೆಲ್ಲ ಚಹಾ ಲೋಟ ಕೆಳಗಿಟ್ಟು ದಿಬ್ಬದಿಂದ ಏಣಿಯವರೆಗೆ ಸಾಲಾಗಿ ನಿಂತರು. ಗಿರಿಜಕ್ಕನಿಗೂ ಮೇಷ್ಟ್ರಿಗೂ ನಡುವೆ ಒಂದು ಜಾಗ ಖಾಲಿ ಉಳಿಯಿತು. ಗಿರಿಜಕ್ಕ ನನ್ನ ಭುಜ ಹಿಡಿದು ಅಲ್ಲಿ ನಿಲ್ಲಿಸಿದರು. “ಅವ್ಳು ಮಗು, ಗಿರಿಜಾ,” ಎಂದರು ಅಪ್ಪ. “ಕೈ ಎರಡಿದೆಯಲ್ಲ ರೈಟ್ರೆ, ಸಾಕು.”

ಹಂಚು ಬರತೊಡಗಿತು. ನಾನು ಒಂದೊಂದನ್ನೂ ಎದೆಗೆ ಅವಚಿ ಹಿಡಿದು, ತಿರುಗಿ, ಮೇಷ್ಟ್ರ ಕೈಗೆ ಮುಟ್ಟಿಸಿ, “ಹಿಡ್ಕೊಂಡ್ರಾ?” ಎಂದು ಕೇಳಿ ಬಿಡುತ್ತಿದ್ದೆ. ತಿರುಗುವಷ್ಟರಲ್ಲಿ ಗಿರಿಜಕ್ಕನ ಕೈಯಲ್ಲಿ ಇನ್ನೊಂದು ಹಂಚು ಕಾಯುತ್ತಿತ್ತು. ಅವರ ಹಿಂದಿನವರ ಕೈಯಲ್ಲಿ ಮತ್ತೊಂದು. ನನ್ನಿಂದಾಗಿ ಇಡೀ ಸಾಲು ನಿಂತುಹೋಯಿತು. ಮೇಲಿನಿಂದ ತಿಮ್ಮಣ್ಣ ಕೂಗಿದರು, “ಎಂತ ಆಯ್ತು? ಮಳೆ ಬಂತು!”

ಗಾಬರಿಯಲ್ಲಿ ಮುಂದಿನ ಹಂಚು ನನ್ನ ಕೈಯಿಂದ ಜಾರಿತು. ಕಲ್ಲಿಗೆ ಬಡಿದು ಎರಡು ಹೋಳಾಯಿತು. ಅಪ್ಪ ಬೈಯುತ್ತಾರೆ ಎಂದು ಕಣ್ಣು ಮುಚ್ಚಿದೆ. ಯಾರೂ ಬೈಯಲಿಲ್ಲ. ಗಿರಿಜಕ್ಕ ಹೋಳುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಮೆಲ್ಲಗೆ ಹೇಳಿದರು. “ಹಂಚು ನೋಡ್ಬೇಡ. ನನ್ನನ್ನೂ ನೋಡ್ಬೇಡ. ಕೈ ಒಡ್ಡಿಕೊಂಡು ನಿಲ್ಲು, ಬರುತ್ತೆ. ಬಂದದ್ದನ್ನ ಬಿಡು, ಅವ್ರು ಹಿಡೀತಾರೆ. ಹಿಡ್ಕೊಂಡ್ರಾ ಅಂತ ಕೇಳ್ಬೇಡ ಮಾರಾಯ್ತಿ. ಕೇಳಿದ್ರೆ ಸಾಲು ನಿಲ್ಲುತ್ತೆ.”

ನಾನು ಎದುರಿನ ರಸ್ತೆಯನ್ನು ನೋಡುತ್ತಾ ಕೈ ಒಡ್ಡಿದೆ. ಹಂಚು ಬಂತು. ಹೇಗೆ ಬಂತೆಂದು ಇವತ್ತಿಗೂ ಹೇಳಲಾರೆ. ಗಿರಿಜಕ್ಕ ಅದನ್ನು ಕೊಡುತ್ತಿರಲಿಲ್ಲ, ಗಾಳಿಯಲ್ಲಿ ಒಂದು ಗೇಣು ಬಿಟ್ಟುಬಿಡುತ್ತಿದ್ದರು. ಅದು ನನ್ನ ಅಂಗೈಯ ನಡುವಿಗೇ ಬಂದು ಕೂರುತ್ತಿತ್ತು. ನಾನು ಹೆದರುತ್ತಲೇ ಮೇಷ್ಟ್ರ ಕಡೆ ಬಿಟ್ಟೆ. ಒಡೆದ ಸದ್ದು ಬರಲಿಲ್ಲ. ಇನ್ನೊಂದು ಬಂತು, ಬಿಟ್ಟೆ. ಮತ್ತೊಂದು. ನೋಡುನೋಡುತ್ತಾ ನನ್ನ ಕೈ ನನ್ನದಾಗಿ ಉಳಿಯಲಿಲ್ಲ. ದಿಬ್ಬದಿಂದ ಮಾಡಿನವರೆಗೆ ಒಂದೇ ಉದ್ದನೆಯ ಕೈ ಇದ್ದ ಹಾಗಿತ್ತು, ನಾನು ಅದರ ಮೊಣಕೈಯೋ ಮಣಿಕಟ್ಟೋ ಆಗಿದ್ದೆ. ಮೈ ಜುಮ್ಮೆಂದಿತು. ನಮ್ಮೂರ ಹತ್ತಿರದ ದೇವರಮನೆ ಗುಡ್ಡದ ತುದಿಯಲ್ಲಿ ಮೊದಲ ಸಲ ನಿಂತು ಕೆಳಗೆ ನೋಡಿದಾಗಲೂ ನನಗೆ ಹಾಗೆ ಆಗಿರಲಿಲ್ಲ.

ಕೊನೆಯ ಹಂಚು ಏರುವಾಗ ಮಳೆ ಹನಿಯತೊಡಗಿತ್ತು. ಒಂದು ಹಂಚು ಕಮ್ಮಿ ಬಿತ್ತು. ಅದು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ತಿಮ್ಮಣ್ಣ ಆ ಜಾಗಕ್ಕೆ ಗೊಬ್ಬರದ ಚೀಲ ತುರುಕಿ ಇಳಿದರು. ಅದರ ಕೆಳಗೆ ಬೋಜಣ್ಣ ಒಂದು ಬಕೆಟ್ ಇಟ್ಟರು. ಟೀವಿಗೆ ಸುತ್ತಿದ ಚೀಲ ಬಿಚ್ಚಿದರು.

ಮ್ಯಾಚು ಶುರುವಾಗಿಬಿಟ್ಟಿತ್ತು. ಒದ್ದೆ ಬಟ್ಟೆಯಲ್ಲಿ, ಅಂಗೈ ತುಂಬ ಹಂಚಿನ ಕೆಂಪು ಪುಡಿ ಹತ್ತಿಸಿಕೊಂಡು, ಬಿಸಿ ನೀರುದೋಸೆಯ ಹಬೆಯ ನಡುವೆ ನಾವು ಕೂತೆವು. ಅಮೆರಿಕದವರು ಹಾರಿದರೆ ಬಳೆಯೇ ಅಲ್ಲಾಡುತ್ತಿತ್ತು. ಒಬ್ಬೊಬ್ಬನೂ ಒಂದೊಂದು ಸಿಡಿಲು. ಆದರೆ ಅರ್ಜೆಂಟೀನಾದ ಆಟಗಾರ ಚೆಂಡನ್ನು ತನ್ನ ಕೈಯಲ್ಲಿ ಕೂರಲು ಬಿಡುತ್ತಿರಲಿಲ್ಲ. ಎತ್ತಲೋ ನೋಡುತ್ತಾ ಬಿಡುತ್ತಿದ್ದ. ಅಲ್ಲಿ ಯಾರೂ ಇಲ್ಲವಲ್ಲ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಬೆನ್ನ ಹಿಂದಿನಿಂದ ಓಡಿ ಬಂದ ಒಬ್ಬನ ಅಂಗೈಗೆ ಚೆಂಡು ಬಂದು ಕೂತಿರುತ್ತಿತ್ತು. ಮತ್ತೆ ಹಾಗೇ. ಮತ್ತೆ ಹಾಗೇ. ನಾನು ಒಡೆದ ಹಂಚಿನ ಜಾಗದಿಂದ ಹನಿ ಬಕೆಟ್ಟಿಗೆ ಬೀಳುತ್ತಲೇ ಇತ್ತು.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಗಿರಿಜಕ್ಕ ಟೀವಿ ಹಚ್ಚಿದ ಮೇಲೆ ಮೊದಲ ಸಲ ಬಾಯಿ ಬಿಟ್ಟರು. “ಇವ್ರೂ ಹಂಚಿನ ಕೆಲಸದವ್ರೇ.”

“ಒಲಿಂಪಿಕ್ಸು ಮಾರಾಯ್ತಿ ಇದು! ಹಂಚು ಎಲ್ಲಿಂದ ಬಂತು?” ಬೋಜಣ್ಣ ನಕ್ಕರು.

“ನೋಡಿ ಬೇಕಾದ್ರೆ ಬೋಜಣ್ಣ. ಒಬ್ನಾದ್ರೂ ಹಿಡ್ಕೊಂಡ್ಯಾ ಅಂತ ಕೇಳ್ತಾನಾ?”

ಮೇಷ್ಟ್ರು ಟೀವಿಯಿಂದ ಕಣ್ಣು ತೆಗೆದು ಗಿರಿಜಕ್ಕನನ್ನು ನೋಡಿದರು. ಬೆಳಗ್ಗೆಯಿಂದ ಸರ್ಕಲಿನ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡ ಪ್ರಶ್ನೆಗೆ ಆ ದಿನ ಮೊದಲ ಸಲ ಟೀವಿಯಲ್ಲಿ ಬ್ಯಾಸ್ಕೆಟ್‌ಬಾಲ್ ನೋಡಿದ ಹೆಂಗಸು ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿದ್ದರು. ನನಗೆ ಟೀವಿಯೊಳಗಿನವರಷ್ಟೇ ದೊಡ್ಡವರಾಗಿ ಅವರು ಕಂಡರು. ಕೊಟ್ಟಿಗೆಹಾರದ ಬಾಗಿಲಿನಲ್ಲಿ ನಿಂತ ಅವರ ಕೈಗೂ ಅಲ್ಲಿನವರ ಕೈಗೂ ಏನೋ ನೆಂಟಸ್ತಿಕೆ ಇದೆ, ಅದು ಬ್ರೆಜಿಲಿನ ಮೂಲಕ ಬಂದದ್ದಲ್ಲ ಎಂದು ಅನ್ನಿಸಿತು. ಅರ್ಜೆಂಟೀನಾ ಮುಂದೆ ಫೈನಲ್ಲನ್ನೂ ಗೆದ್ದು ಚಿನ್ನ ತೆಗೆದುಕೊಂಡಿತು. ಬೋಜಣ್ಣ ಎಲ್ಲರಿಗೂ ಬನ್ಸು ಹಂಚಿದರು.

ಸೋಮವಾರ ಕಣದಲ್ಲಿ ಚೆಂಡು ನನ್ನ ಕೈಗೆ ಬಂತು. ನಾನು ಮೋಡ ನೋಡುತ್ತಾ ಬಿಟ್ಟೆ. ಅದನ್ನು ಹಿಡಿದ ಗೆಳತಿಯ ಮುಖದಲ್ಲಿ ಎಷ್ಟು ಆಶ್ಚರ್ಯವಿತ್ತೆಂದರೆ ಅವಳು ಓಡುವುದನ್ನೇ ಮರೆತು ನಿಂತಳು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ನನ್ನ ಹೆಸರು ಬರೆದರು. ಮೂಡಿಗೆರೆಯಲ್ಲಿ ನಾವು ಮೊದಲ ಮ್ಯಾಚಿನಲ್ಲೇ ಸೋತು ಬಂದೆವು, ಅದು ಬೇರೆ ಮಾತು. ಅಂದಿನಿಂದ ನನ್ನನ್ನು ಯಾರೂ ಅಂಟು ಎನ್ನಲಿಲ್ಲ.

ಈಗ ನಾನು ಚಿಕ್ಕಮಗಳೂರಿನಲ್ಲಿದ್ದೇನೆ. ಒಲಿಂಪಿಕ್ಸ್ ಬಂದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಫೋನಿನಲ್ಲಿ ನೋಡುತ್ತೇವೆ. ಆ ಹಳೇ ಮ್ಯಾಚು ಕೂಡ ಫೋನಿನಲ್ಲಿ ಸಿಗುತ್ತದೆ. ಅದರ ಕೆಳಗಿನ ಕಾಮೆಂಟುಗಳಲ್ಲಿ ಎಲ್ಲೆಲ್ಲಿಯವರೋ ಹೇಗೆ ಗೆದ್ದರೆಂದು ಇನ್ನೂ ಜಗಳವಾಡುತ್ತಿರುತ್ತಾರೆ. ನನಗೆ ಉತ್ತರ ಗೊತ್ತು. ಬರೆಯಲು ಹೋಗಿ ಬಿಟ್ಟುಬಿಡುತ್ತೇನೆ, ಹಂಚು ಅಂದರೆ ಅವರಿಗೆ ಏನು ತಿಳಿಯಬೇಕು? ಬೋಜಣ್ಣನ ಹೋಟೆಲಿಗೆ ಈಗ ಸಿಮೆಂಟಿನ ತಾರಸಿ ಬಂದಿದೆ. ಎಂಥ ಕೊಂಬೆ ಬಿದ್ದರೂ ಯಾರನ್ನೂ ಸಾಲು ನಿಲ್ಲಿಸಬೇಕಾಗಿಲ್ಲ. ಕಣದ ಸಿಲ್ವರ್ ಮರವನ್ನು ಕಡಿದಿದ್ದಾರೆ, ಬಳೆ ಎಲ್ಲಿ ಹೋಯಿತೋ.

ಹೋದ ಮಳೆಗಾಲದಲ್ಲಿ ಗಿರಿಜಕ್ಕನನ್ನು ನೋಡಲು ಹೋಗಿದ್ದೆ. ಮಗಳ ಮನೆಯಲ್ಲಿದ್ದಾರೆ, ಮೊಮ್ಮಕ್ಕಳ ಗಲಾಟೆಯ ನಡುವೆ ಚೆನ್ನಾಗಿದ್ದಾರೆ. ಕಣ್ಣು ಮಾತ್ರ ಮಸುಕಾಗಿದೆ, ಕೈ ನಡುಗುತ್ತದೆ. ನನ್ನ ದನಿಯಿಂದಲೇ ಗುರುತು ಹಿಡಿದು, “ಅರ್ಜೆಂಟೀನಾ ಎಂತ ಮಾಡುತ್ತೆ ಈಗ?” ಎಂದು ನಕ್ಕರು. ಬೇಡವೆಂದರೂ ಕೇಳದೆ ತಾವೇ ಎದ್ದು ಕಾಫಿ ತಂದರು. ನಾನು ಅಂದು ಹಂಚಿನ ಸಾಲಿನಲ್ಲಿ ನಿಂತ ಹಾಗೆ ಲೋಟವನ್ನಾಗಲಿ ಅವರನ್ನಾಗಲಿ ನೋಡದೆ ಕೈ ಒಡ್ಡಿದೆ. ಬಿಸಿ ಲೋಟ ಅಂಗೈಗೆ ತಾಗಿತು. ಆದರೆ ಅವರ ಬೆರಳು ಅದರಿಂದ ಏಳಲಿಲ್ಲ.

“ಹಿಡ್ಕೊಂಡ್ಯಾ?” ಎಂದು ಕೇಳಿದರು ಗಿರಿಜಕ್ಕ.

“ಹಿಡ್ಕೊಂಡೆ ಗಿರಿಜಕ್ಕ, ಬಿಡಿ,” ಎಂದೆ. ಅವರು ಬಿಡಲಿಲ್ಲ. ಇನ್ನೊಮ್ಮೆ ಕೇಳಿದರು.