ಮೇಯರ್ ಕಾಗದಗಳ ಬೆನ್ನು

ನಗರಪಾಲಿಕೆಯ ದಾಖಲೆ ಕೋಣೆಯಲ್ಲಿ ಅಂಟಣ್ಣ ಮೂವತ್ತೊಂದು ವರ್ಷ ಘನಘೋರ ಯುದ್ಧ ಮಾಡಿದ. ಶತ್ರುಗಳು ಗೆದ್ದಲು ಮತ್ತು ತೇವ. ಆಯುಧಗಳು ಒಂದು ಬೋಗುಣಿ ಮೈದಾ ಅಂಟು, ಕೂದಲುದುರಿದ ಕುಂಚ, ತೆಳುವಾದ ಬಿಳಿ ಬಟ್ಟೆ. ಊರಿನ ಮೊದಲ ಮೇಯರ್ ಬಿಟ್ಟುಹೋದ ಅರವತ್ತೆರಡು ಪೆಟ್ಟಿಗೆ ಕಾಗದಗಳನ್ನು, ಅಂದರೆ ಮಾವನಿಗೆ ಬರೆದ ದೂರುಗಳಿಂದ ಹಿಡಿದು ಪಕ್ಷದ ಒಳಜಗಳದ ಪತ್ರಗಳವರೆಗೆ ಎಲ್ಲವನ್ನೂ, ಅವನೊಬ್ಬನೇ ಉಳಿಸಿದ್ದ. ಪುಡಿಯಾಗುವ ಹಾಳೆಯನ್ನು ಬೋರಲು ಹಾಕಿ, ಬೆನ್ನಿಗೆ ಅಂಟು ಸವರಿ, ಬಟ್ಟೆ ಹೊದಿಸಿ ಒಣಗಿಸುವುದು. ಮುದ್ರೆ ಬಿದ್ದ ಮುಖವೇ ದಾಖಲೆ, ಬೆನ್ನು ರದ್ದಿ ಎಂದು ಹಿಂದಿನ ಬೈಂಡರ್ ಹೇಳಿಕೊಟ್ಟಿದ್ದ. ಬೆನ್ನ ಮೇಲೆ ಯಾರೋ ಗೀಚಿದ್ದು ಕಂಡರೂ ಅಂಟಣ್ಣ ಓದುತ್ತಿರಲಿಲ್ಲ. ಓದುತ್ತ ಕೂತರೆ ಅಂಟು ಒಣಗುತ್ತದೆ.

ಆ ಪೆಟ್ಟಿಗೆಗಳಲ್ಲಿ ಅವನ ಅಮ್ಮನ ಅರ್ಜಿಯೂ ಇತ್ತು. ಅಪ್ಪ ನಗರಪಾಲಿಕೆಯ ಮೋರಿ ಕೆಲಸದವನು. ಅಂಟಣ್ಣ ತೊಟ್ಟಿಲಲ್ಲಿದ್ದಾಗ ಒಂದು ಬೆಳಿಗ್ಗೆ ದೊಡ್ಡ ಮೋರಿಗೆ ಇಳಿದ, ಹೆಣವಾಗಿ ಬಂದ. ಕುಡಿದು ತಾನಾಗಿಯೇ ಇಳಿದ ಎಂದಿತು ಕಚೇರಿ. ಇಳಿಸಿದವರು ಯಾರು ಎಂದು ಅಮ್ಮ ಹೆಬ್ಬೆಟ್ಟೊತ್ತಿ ಕೇಳಿದಳು. ಉತ್ತರ ಬಾರದೆಯೇ ತೀರಿಕೊಂಡಳು. ಪ್ರಶ್ನೆ ಅಕ್ಕನ ಪಾಲಿಗೆ ಬಂತು, ಜೊತೆಗೆ ಬೀದಿಯವರು ಇಟ್ಟ ‘ಕುಡುಕನ ಮಗಳು’ ಎಂಬ ಬಿರುದೂ ಬಂತು.

ಅರವತ್ತಾರು ದಾಟಿದ ಅಕ್ಕ ಈಗಲೂ ವಾದ ಬಿಟ್ಟಿರಲಿಲ್ಲ. “ಆವತ್ತು ಬೆಳಿಗ್ಗೆ ಅಪ್ಪ ನನ್ನ ಬೈತಲೆ ತೆಗೆದು ಜಡೆ ಹಾಕಿ ಹೋದ ಕಣೋ. ಕುಡಿದ ಕೈ ಅಷ್ಟು ನೆಟ್ಟಗೆ ಬೈತಲೆ ತೆಗೆಯುತ್ತಾ?”

ಹೀಗಿರುವಾಗ ಮೇಯರ್ ಬಗ್ಗೆ ಪುಸ್ತಕ ಬರೆಯಲು ಬಂದ ಮೇಡಂ ಒಬ್ಬರು ಆ ಮೇಯರರ ಡೈರಿಯಿಂದ ತಲೆಯೆತ್ತಿದರು.

“ಇಲ್ಲಿ ಕೇಳಿ ಅಣ್ಣಾ. ‘ಕಾಗದ ದಂಡ ಮಾಡುವುದಿಲ್ಲ. ನನ್ನ ಆದೇಶವನ್ನು ಬಂದ ಅರ್ಜಿಯ ಬೆನ್ನಿಗೇ ಬರೆದುಬಿಡುತ್ತೇನೆ.’ ನೀವು ಬೆನ್ನಿಗೆಲ್ಲ ಬಟ್ಟೆ ಹೊದಿಸಿದ್ದೀರಲ್ಲ?”

“ಹೊದಿಸಿ, ತಟ್ಟಿ ಮಲಗಿಸಿದ್ದೀನಿ ಮೇಡಂ,” ಎಂದ ಅಂಟಣ್ಣ. ಅವರು ನಕ್ಕರು. ಅವನು ಅಮ್ಮನ ಅರ್ಜಿಯಿದ್ದ ಪೆಟ್ಟಿಗೆಯತ್ತ ತಿರುಗಿದ.

ಮನೆಗೆ ಬಂದು ಹೇಳಿದ. ಅಕ್ಕ ಒಂದೇ ಮಾತು ಅಂದಳು. “ಬಿಚ್ಚು.”

“ಬಿಚ್ಚಿದ್ರೆ ಮಸಿ ಬಟ್ಟೆ ಜೊತೆ ಎದ್ದು ಬರುತ್ತೆ ಅಕ್ಕಾ. ದಾಖಲೆ ಹಾಳು ಮಾಡಿದೆ ಅಂತ ಮನೆಗೆ ಕಳಿಸ್ತಾರೆ. ನಿವೃತ್ತಿಗೆ ಎಂಟೇ ತಿಂಗಳಿದೆ.”

“ಅಪ್ಪನ ಪರವಾಗಿ ಇದ್ದ ಒಂದು ಸಾಕ್ಷಿ ಬಾಯಿಗೆ ಬಟ್ಟೆ ತುರುಕಿದವನು ನೀನೇ. ತೆಗೆಯೋಕೆ ಯಾರ ಅಪ್ಪಣೆ ಬೇಕಪ್ಪಾ ದೊಡ್ಡ ಮನುಷ್ಯ?”

ಮರುದಿನ ಎಲ್ಲರೂ ಊಟಕ್ಕೆ ಎದ್ದಾಗ ಅಂಟಣ್ಣ ಕೆಟಲ್‌ನ ಹಬೆಗೆ ಅಮ್ಮನ ಅರ್ಜಿ ಹಿಡಿದ. ತಾನೇ ಹಾಕಿದ ಅಂಟು ಅಷ್ಟು ಗಟ್ಟಿಯೆಂದು ಅವನಿಗೂ ಗೊತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ತನ್ನ ಕೈಗುಣವನ್ನು ಬೈದುಕೊಂಡ. ಕೊನೆಗೂ ಬಟ್ಟೆ ಸುಲಿದು ಬಂತು. ಕಾಗದದ ಬೆನ್ನು ಬೋಳಾಯಿತು. ಮಸಿಯೆಲ್ಲ ಬಟ್ಟೆಯಲ್ಲಿತ್ತು, ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ. ಬಟ್ಟೆಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದ. ಮೇಯರರದೇ ಕೈಬರಹ.

‘ಮಂತ್ರಿಗಳು ಬರುವ ದಿನ ಮೋರಿ ಹರಿಯಲೇಬೇಕಿತ್ತು, ನಾನೇ ಇಳಿಸಿದೆ. ಒಳಗೆ ಗಾಳಿ ಕೆಟ್ಟಿದೆ ಎಂದು ಅವನು ಎರಡು ಸಲ ಹೇಳಿದ. ಕುಡಿದಿದ್ದ ಎಂದೇ ಇರಲಿ. ಉತ್ತರ ಬೇಡ.’

ಊಟ ಮುಗಿಸಿ ಬಂದ ದಾಖಲೆ ಅಧಿಕಾರಿಗೆ ಅವನೇ ತೋರಿಸಿದ. ಅವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು.

“ಇದರಲ್ಲಿ ಏನೂ ಇಲ್ಲವಲ್ಲಯ್ಯ.”

“ಬಟ್ಟೇಲಿದೆ ಸಾರ್.”

“ಬಟ್ಟೆಗೆ ನಂಬರ್ ಎಲ್ಲಿದೆ? ನೀನೇ ಬರೆದೆ ಅಂದ್ರೆ ಏನು ಹೇಳ್ತೀಯ? ದಾಖಲೆ ಕಾಗದ. ಕಾಗದವನ್ನ ನೀನು ಹಾಳು ಮಾಡಿದ್ದೀಯ.”

ಸಂಜೆಯೊಳಗೆ ಅಮಾನತಿನ ಆದೇಶ ಟೈಪಾಯಿತು. ನಂಬರ್ ಇಲ್ಲದ ಬಟ್ಟೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಅಂಟಣ್ಣ ಅದನ್ನು ಜೇಬಿಗೆ ಹಾಕಿಕೊಂಡು ಬಂದು ಅಕ್ಕನಿಗೆ ಓದಿ ಹೇಳಿದ. ಅವಳು ಇನ್ನೊಮ್ಮೆ ಓದಿಸಿದಳು.

“ಎರಡು ಸಲ ಹೇಳಿದನಂತಾ?”

“ಹೂಂ.”

ಅಕ್ಕ ಬಟ್ಟೆಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡಳು.

“ಇನ್ನೊಂದು ಸಲ ಹೇಳಬಾರದಿತ್ತಾ,” ಎಂದಳು.